ಸ್ವಲ್ಪ ಹೈವೇ ಮೇಲೆ ಓಡಿಸಿ ಮೇಡಂ

ಡೀಸೆಲ್ ಎಸ್‌ಯುವಿ ಇಟ್ಟುಕೊಂಡವರಲ್ಲಿ ಈ ಮಾತು ಕೇಳದವರು ಕಡಿಮೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಲೈಟ್ ಬರುತ್ತದೆ. ಗಾಡಿ ಎಳೆಯುವುದಿಲ್ಲ. ಆಕ್ಸಲರೇಟರ್ ಎಷ್ಟು ತುಳಿದರೂ ಮುನಿಸಿಕೊಂಡಂತೆ ಹೋಗುತ್ತದೆ. ಸರ್ವೀಸ್ ಸೆಂಟರಿಗೆ ಒಯ್ದರೆ ಸ್ಕ್ಯಾನರ್ ಹಾಕಿ ನೋಡುತ್ತಾರೆ, ಒಂದೆರಡು ಗಂಟೆ ಇಟ್ಟುಕೊಳ್ಳುತ್ತಾರೆ, ಲೈಟ್ ಆರಿಸಿ ಕೊಡುತ್ತಾರೆ. ಕೀ ಕೈಗೆ ಕೊಡುವಾಗ ಒಂದು ಬುದ್ಧಿಮಾತು ಪುಕ್ಕಟೆ: "ಸ್ವಲ್ಪ ಹೈವೇ ಮೇಲೆ ಓಡಿಸಿ ಮೇಡಂ, ಸರಿಹೋಗುತ್ತೆ." ಕೆಲವು ವಾರ ಕಳೆಯುವಷ್ಟರಲ್ಲಿ ಲೈಟ್ ಮತ್ತೆ ಹಾಜರ್.

ನಮ್ಮ ಮನೆಯ ಗಾಡಿಯದ್ದೂ ಇದೇ ಕತೆ. ಯಾವ ಕಂಪನಿ ಅಂತ ಬರೆಯುವುದಿಲ್ಲ. ಬರೆದರೂ ಪ್ರಯೋಜನವಿಲ್ಲ, ಯಾಕಂದರೆ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಬೇರೆ ಬೇರೆ ಕಂಪನಿಯ ಡೀಸೆಲ್ ಗಾಡಿಗಳಿವೆ, ಮಾಲೀಕರ ದೂರು ಮಾತ್ರ ಒಂದೇ. ಎಲ್ಲರೂ ಮಕ್ಕಳನ್ನು ಸ್ಕೂಲಿಗೆ ಬಿಡಲು, ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲು, ಶನಿವಾರ ತರಕಾರಿ ತರಲು ಓಡಿಸುವವರು. ಊರಿಗೆ ಹೋಗುವುದು ಹಬ್ಬಕ್ಕೆ, ಮದುವೆಗೆ. ಏಳು ಸೀಟಿನ ಗಾಡಿ ತಗೊಂಡಿದ್ದು ಆ ಹಬ್ಬ, ಮದುವೆಗಳ ಹೆಸರಿನಲ್ಲಿ. ಓಡುವುದು ಮಾತ್ರ ಸಿಗ್ನಲ್‌ನಿಂದ ಸಿಗ್ನಲ್‌ಗೆ.

ಮೊದಲ ಸಲ ಲೈಟ್ ಬಂದಾಗ ಸರ್ವೀಸ್ ಅಡ್ವೈಸರ್ ಕೇಳಿದ ಮೊದಲ ಪ್ರಶ್ನೆ, "ಸರ್ ಬಂದಿಲ್ವಾ ಮೇಡಂ?" ಗಾಡಿ ಓಡಿಸುವುದು ನಾನೇ, ಹೇಳಿ ಅಂದೆ. ಆತ ಹೇಳಿದ್ದಿಷ್ಟು: ಗಾಡಿಯಲ್ಲಿ ಏನೂ ತೊಂದರೆ ಇಲ್ಲ, ಓಡಿಸುವ ರೀತಿ ಬದಲಾಗಬೇಕು. ಮುಂದಿನ ಸಲ ನನ್ನ ಗಂಡ ಹೋದರು. ಅವರಿಗೂ ಅದೇ ಉತ್ತರ ಸಿಕ್ಕಿತು, ಆಗ ನನಗೆ ಸ್ವಲ್ಪ ಸಮಾಧಾನ!

ಆದರೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಸಂಸಾರಕ್ಕೆಂದು ಮಾರಿದ ಗಾಡಿಯನ್ನು ಸಂಸಾರಸ್ಥರು ಓಡಿಸುವ ಹಾಗೆ ಓಡಿಸಿದರೆ ಕೆಡುತ್ತದೆ ಅಂದರೆ, ತಪ್ಪು ಯಾರದ್ದು? ಇದನ್ನು ತಿಳಿಯಲು ಹೋಗಿ ಸೈಲೆನ್ಸರ್ ಒಳಗಿನ ಲೋಕವನ್ನೆಲ್ಲ ಓದಬೇಕಾಯಿತು.

ಡೀಸೆಲ್ ಉರಿದರೆ ಮಸಿ ಬರುತ್ತದೆ. ಹಳೇ ಲಾರಿ ಘಾಟಿ ಹತ್ತುವಾಗ ಹಿಂದೆ ಕರೀ ಹೊಗೆ ಬಿಡುತ್ತಿತ್ತಲ್ಲ, ಅದೇ ಮಸಿ. ಅದು ಹೊರಗೆ ಬರದ ಹಾಗೆ ಹೊಗೆ ಹೋಗುವ ದಾರಿಯಲ್ಲಿ ಒಂದು ಫಿಲ್ಟರ್ ಕೂರಿಸಿದ್ದಾರೆ. ಪೂರ್ತಿ ಹೆಸರು ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್, ಎಲ್ಲರ ಬಾಯಲ್ಲಿ ಡಿಪಿಎಫ್. ಪಿಂಗಾಣಿಯಂಥ ವಸ್ತುವಿನ ಗಟ್ಟಿಯಲ್ಲಿ ಸಾಲುಸಾಲು ಸಣ್ಣ ಕೊಳವೆಗಳು. ಒಂದು ಕೊಳವೆಯ ಬಾಯಿ ಈ ಕಡೆ ಮುಚ್ಚಿದ್ದರೆ ಪಕ್ಕದ್ದರ ಬಾಯಿ ಆ ಕಡೆ ಮುಚ್ಚಿರುತ್ತದೆ. ಹಾಗಾಗಿ ಹೊಗೆ ಗೋಡೆಯೊಳಗಿಂದಲೇ ನುಸುಳಿ ಪಕ್ಕದ ಕೊಳವೆಗೆ ಹೋಗಬೇಕು. ಗಾಳಿ ನುಸುಳುತ್ತದೆ, ಮಸಿ ಗೋಡೆಗೆ ಅಂಟಿಕೊಂಡು ಉಳಿಯುತ್ತದೆ.

ನಮ್ಮ ದೇಶದ ಕಾರುಗಳಿಗೆ ಇದು ಬಂದದ್ದು ಬಿಎಸ್6 ಜೊತೆಗೆ, ಅಂದರೆ ಗಾಡಿ ಎಷ್ಟು ಹೊಗೆ ಬಿಡಬಹುದು ಅಂತ ಹೇಳುವ ಭಾರತ್ ಸ್ಟೇಜ್ ನಿಯಮದ ಆರನೇ ಹಂತದ ಜೊತೆಗೆ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್6 ಗಾಡಿಗಳನ್ನೇ ಮಾರಬೇಕು ಅಂತಾಯಿತು. ಬಿಎಸ್5 ಅನ್ನುವ ಮೆಟ್ಟಿಲನ್ನೇ ಹಾರಿ ಬಿಎಸ್4ರಿಂದ ನೇರ ಆರಕ್ಕೆ ಹೋದೆವು. ಬಿಎಸ್4ರಲ್ಲಿ ಡೀಸೆಲ್ ಕಾರು ಒಂದು ಕಿಲೋಮೀಟರಿಗೆ 25 ಮಿಲಿಗ್ರಾಂ ಮಸಿ ಬಿಡಬಹುದಿತ್ತು. ಬಿಎಸ್6ರಲ್ಲಿ ಅದು 4.5 ಮಿಲಿಗ್ರಾಂ. ಡೀಸೆಲ್‌ನಲ್ಲಿರುವ ಗಂಧಕವೂ ಹತ್ತು ಲಕ್ಷದಲ್ಲಿ 50 ಪಾಲಿನಿಂದ 10 ಪಾಲಿಗೆ ಇಳಿಯಿತು. ಇಷ್ಟು ಕಟ್ಟುನಿಟ್ಟಿಗೆ ಫಿಲ್ಟರ್ ಇಲ್ಲದೆ ಡೀಸೆಲ್ ಕಾರು ಪಾಸಾಗುವುದು ಕಷ್ಟ. ಮಾರುತಿಯಂಥ ದೊಡ್ಡ ಕಂಪನಿಯೇ ಡೀಸೆಲ್ ಕಾರಿನ ಸಹವಾಸ ಬೇಡವೆಂದು ಆಗ ಕೈಬಿಟ್ಟಿತು.

ಫಿಲ್ಟರ್ ಬಗ್ಗೆ ನನಗೆ ತಕರಾರಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸ್ಕೂಟಿ ಮೇಲೆ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತು ಹೊಗೆ ಕುಡಿದವಳು ನಾನು. ಆ ಮಸಿ ಯಾರ ಎದೆಗೂ ಹೋಗಬಾರದು.

ತೊಂದರೆ ಇರುವುದು ಫಿಲ್ಟರ್ ತುಂಬಿದ ಮೇಲೆ. ತುಂಬಿದ ಮಸಿಯನ್ನು ಬಿಚ್ಚಿ ಚೆಲ್ಲುವಂತಿಲ್ಲ, ಅಲ್ಲೇ ಸುಡಬೇಕು. ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು. ಹೈವೇಯಲ್ಲಿ ಒಂದೇ ಸಮನೆ ಓಡಿದರೆ ಹೊಗೆ ಸಾಕಷ್ಟು ಬಿಸಿಯಾಗಿರುತ್ತದೆ, ಸ್ವಲ್ಪ ಮಸಿ ತಾನಾಗಿಯೇ ಸುಟ್ಟುಹೋಗುತ್ತದೆ. ಊರೊಳಗೆ ಎಂಜಿನ್ ಅಷ್ಟು ಬಿಸಿಯಾಗುವುದಿಲ್ಲ. ಆಗ ಗಾಡಿಯ ಕಂಪ್ಯೂಟರ್ ಒಂದು ಉಪಾಯ ಮಾಡುತ್ತದೆ. ಸಿಲಿಂಡರಿನಲ್ಲಿ ಇಂಧನ ಉರಿದು ಮುಗಿಯುವ ಹೊತ್ತಿಗೆ ಇನ್ನೊಂದಿಷ್ಟು ಡೀಸೆಲ್ ಸಿಂಪಡಿಸುತ್ತದೆ. ಅದು ಹೊಗೆಯ ಜೊತೆ ಹೋಗಿ, ದಾರಿಯಲ್ಲಿ ಹೊಗೆಯ ಅಂಶಗಳನ್ನು ಬೇಗ ಉರಿಸಲೆಂದು ಕೂರಿಸಿದ ಕ್ಯಾಟಲಿಸ್ಟ್ ಅನ್ನುವ ಭಾಗದ ಮೇಲೆ ಉರಿದು, ಡಿಪಿಎಫ್‌ಗೆ ಬೇಕಾದ ಶಾಖ ಕೊಡುತ್ತದೆ. ಇದನ್ನು ರೀಜನರೇಷನ್ ಅನ್ನುತ್ತಾರೆ, ಸರ್ವೀಸಿನ ಹುಡುಗರ ಬಾಯಲ್ಲಿ ಬರೀ ರೀಜೆನ್. ಹತ್ತು ಇಪ್ಪತ್ತು ನಿಮಿಷದ ಕೆಲಸ. ಆ ಹೊತ್ತಿನಲ್ಲಿ ಗಾಡಿ ನಿಂತಲ್ಲೇ ಆರ್‌ಪಿಎಂ ಸ್ವಲ್ಪ ಏರಿರುತ್ತದೆ, ಮೈಲೇಜ್ ಇಳಿಯುತ್ತದೆ, ಆಫ್ ಮಾಡಿದ ಮೇಲೂ ಮುಂದಿನ ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ, ಸುಟ್ಟ ವಾಸನೆ ಬರುತ್ತದೆ. ಬೇಸ್‌ಮೆಂಟಿನಲ್ಲಿ ಫ್ಯಾನ್ ಸದ್ದು ಕೇಳಿ ವಾಚ್‌ಮನ್ ಓಡಿಬಂದು "ಮೇಡಂ, ಗಾಡಿ ಆಫ್ ಆಗಿಲ್ಲ" ಅಂದದ್ದೂ ಇದೆ.

ಸ್ಕೂಲು ಮನೆಯಿಂದ ಹತ್ತು ನಿಮಿಷದ ದಾರಿ ಅಂದುಕೊಳ್ಳಿ. ರೀಜೆನ್ ಶುರುವಾಗುವಷ್ಟರಲ್ಲಿ ಸ್ಕೂಲು ಬಂತು, ಗಾಡಿ ಆಫ್. ಮಧ್ಯಾಹ್ನ ಮತ್ತೆ ಶುರು, ಮತ್ತೆ ಅರ್ಧಕ್ಕೆ ನಿಂತಿತು. ಹೀಗೆ ಅರ್ಧರ್ಧ ಆದಾಗ ಮಸಿ ಸುಡುವುದಿಲ್ಲ. ಆದರೆ ಸಿಂಪಡಿಸಿದ ಡೀಸೆಲ್ ಎಲ್ಲಿ ಹೋಯಿತು? ಅದರಲ್ಲಿ ಒಂದಷ್ಟು ಸಿಲಿಂಡರಿನ ಗೋಡೆಯ ಮೇಲೆ ಇಳಿದು, ಪಿಸ್ಟನ್ ರಿಂಗ್ ದಾಟಿ, ಕೆಳಗಿನ ಎಂಜಿನ್ ಆಯಿಲ್ ಸೇರುತ್ತದೆ. ಗಟ್ಟಿ ಹುಳಿಗೆ ನೀರು ಬೆರೆಸಿದ ಹಾಗೆ ಆಯಿಲ್ ತೆಳ್ಳಗಾಗುತ್ತದೆ.

ನನ್ನ ಪ್ರಕಾರ ಇಡೀ ವಿಷಯದಲ್ಲಿ ಹೆದರಬೇಕಾದದ್ದು ಇದೇ ಜಾಗದಲ್ಲಿ. ಲೈಟ್ ಬರುವುದು ಕಿರಿಕಿರಿ ಅಷ್ಟೇ. ಆಯಿಲ್ ತೆಳ್ಳಗಾಗುವುದು ಎಂಜಿನ್ ಆಯುಷ್ಯದ ಪ್ರಶ್ನೆ. ಕ್ರ್ಯಾಂಕ್ ಬೇರಿಂಗ್, ಟರ್ಬೊ ಎಲ್ಲ ತಿರುಗುವುದು ಆಯಿಲ್‌ನ ತೆಳು ಪದರದ ಮೇಲೆ. ಆ ಪದರ ಸೋತರೆ ಲೋಹಕ್ಕೆ ಲೋಹ ತಾಗುತ್ತದೆ. ನಮ್ಮ ಅಪ್ಪ ಅಂಬಾಸಿಡರ್ ಕಾಲದವರು. ಆಯಿಲ್ ಕಡಿಮೆಯಾಗಿದೆಯಾ ಅಂತ ಡಿಪ್‌ಸ್ಟಿಕ್ ಎಳೆದು ನೋಡುವುದು ಅವರ ಬೆಳಗಿನ ಕೆಲಸ. ಈಗ ನೋಡಬೇಕಾದದ್ದು ಜಾಸ್ತಿಯಾಗಿದೆಯಾ ಅಂತ! "ಆಯಿಲ್ ಏರಿದೆ ಅಪ್ಪ" ಅಂದಾಗ ಅವರು ನನ್ನನ್ನು ನೋಡಿದ ನೋಟ ಬೇರೆಯೇ ಇತ್ತು. "ಯಾರೋ ಜಾಸ್ತಿ ಸುರಿದಿದ್ದಾರೆ ಕಣಮ್ಮ" ಅಂದರು. ಯಾರೂ ಸುರಿದಿರಲಿಲ್ಲ.

ಇದು ಡೀಸೆಲ್‌ಗೆ ಮಾತ್ರ ಅಂಟಿದ ರೋಗವೂ ಅಲ್ಲ. 2018ರಲ್ಲಿ ಚೀನಾದ ಉತ್ತರದ ಚಳಿ ಪ್ರದೇಶದಲ್ಲಿ ಹೊಂಡಾ ಸಿಆರ್-ವಿ ಗಾಡಿಗಳಲ್ಲಿ ಪೆಟ್ರೋಲ್ ಆಯಿಲ್‌ಗೆ ಸೇರಿ, ಆಯಿಲ್ ಮಟ್ಟ ಏರುತ್ತಿದೆ ಅಂತ ದೊಡ್ಡ ಗಲಾಟೆಯಾಯಿತು. 1.5 ಲೀಟರಿನ ಟರ್ಬೊ ಎಂಜಿನ್, ಕೊರೆಯುವ ಚಳಿ, ಹತ್ತಿರದ ಓಡಾಟ. ಎಂಜಿನ್ ಬಿಸಿಯಾಗುವ ಮುಂಚೆ ದಾರಿ ಮುಗಿಯುತ್ತಿತ್ತು. ಕಂಪನಿ ಕೊಟ್ಟ ಮೊದಲ ರೀಕಾಲ್ ಯೋಜನೆಯನ್ನು, ಅಂದರೆ ಮಾರಿದ ಗಾಡಿ ವಾಪಸ್ ಕರೆದು ಸರಿಮಾಡುವ ಯೋಜನೆಯನ್ನು, ಅಲ್ಲಿನ ಗುಣಮಟ್ಟದ ಇಲಾಖೆ ಸಾಲದು ಅಂತ ವಾಪಸ್ ಕಳಿಸಿತು. ಹೊಸ ಸಿಆರ್-ವಿ ಮಾರಾಟವೇ ಕೆಲವು ಕಾಲ ನಿಂತಿತ್ತು. ಅಮೆರಿಕದಲ್ಲೂ ಇದೇ ದೂರು ಬಂದು ಅಲ್ಲಿ ವಾರಂಟಿ ಹೆಚ್ಚಿಸಿದರು.

ಸರಿ, ಹಾಗಾದರೆ ಅಡ್ವೈಸರ್ ಹೇಳಿದ್ದು ನಿಜವೇ ಅಲ್ವಾ? ಹೈವೇಯಲ್ಲಿ ಓಡಿಸಿದರೆ ಮಸಿ ಸುಡುತ್ತದೆ, ಆಯಿಲ್ ಉಳಿಯುತ್ತದೆ. ನಾನೂ ಹಾಗೆಯೇ ಅಂದುಕೊಂಡಿದ್ದೆ, ಆಸ್ಟ್ರೇಲಿಯಾದ ಕೇಸ್ ಓದುವವರೆಗೆ.

ಆಸ್ಟ್ರೇಲಿಯಾದಲ್ಲಿ ಡೀಸೆಲ್ ಎಸ್‌ಯುವಿ ಅಂದರೆ ಅರ್ಧ ದೇವರು. ದೂರದ ಊರು, ಖಾಲಿ ರಸ್ತೆ, ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಹೋಗುವ ಸಂಸಾರಗಳು. 2015ರ ಅಕ್ಟೋಬರಿನಿಂದ 2020ರ ಏಪ್ರಿಲ್ ತನಕ ಅಲ್ಲಿ ಮಾರಾಟವಾದ ಟೊಯೋಟಾ ಪ್ರಾಡೊ, ಫಾರ್ಚೂನರ್, ಹೈಲಕ್ಸ್ ಗಾಡಿಗಳಲ್ಲಿ, ಒಟ್ಟು 2,64,170 ಗಾಡಿಗಳಲ್ಲಿ, ಡಿಪಿಎಫ್ ವ್ಯವಸ್ಥೆಯೇ ದೋಷದ್ದು ಅಂತ ಮಾಲೀಕರು ಒಟ್ಟಾಗಿ ಕೋರ್ಟಿಗೆ ಹೋದರು. ದೂರುಗಳು ನಮ್ಮವೇ. ಪದೇ ಪದೇ ಎಚ್ಚರಿಕೆಯ ಲೈಟ್, ಡೀಸೆಲ್ ಜಾಸ್ತಿ ಕುಡಿಯುವುದು, ಮೇಲೆ ಗಬ್ಬು ವಾಸನೆಯ ಬಿಳೀ ಹೊಗೆ, ಸರ್ವೀಸಿಗೆ ಅಲೆದಾಟ.

ಆದರೆ ಯಾವಾಗ ಕೆಡುತ್ತಿತ್ತು ಗೊತ್ತಾ? ಗಂಟೆಗೆ 100 ಕಿಲೋಮೀಟರಿನ ಆಸುಪಾಸಿನಲ್ಲಿ ಒಂದೇ ಸಮನೆ, ದಿನವೂ ಓಡಿಸಿದರೆ. ಅಂದರೆ ಹೈವೇ ಮೇಲೆ! ಹಾಗೆ ಓಡಿಸಿದಾಗ, ಡಿಪಿಎಫ್‌ಗೆ ಬಿಸಿ ಒದಗಿಸಬೇಕಾದ ಕ್ಯಾಟಲಿಸ್ಟಿನಲ್ಲಿ ಕರೀ ಗಸಿ ಕಟ್ಟಿಕೊಂಡು, ಮಸಿ ಸರಿಯಾಗಿ ಸುಡುತ್ತಿರಲಿಲ್ಲ. ಬೆಂಗಳೂರಿನಲ್ಲಿ ಯಾವುದನ್ನು ಮದ್ದು ಅಂತ ಬರೆದುಕೊಡುತ್ತಾರೋ, ಅಲ್ಲಿ ಅದೇ ರೋಗದ ಮೂಲ.

ಕಂಪನಿ ಸುಮ್ಮನೆ ಕೂತಿರಲಿಲ್ಲ. ಒಂದಾದ ಮೇಲೊಂದು ರಿಪೇರಿ ಕೊಟ್ಟಿತು. ಸಾಫ್ಟ್‌ವೇರ್ ಬದಲಿಸಿದರು, ಬಿಡಿಭಾಗ ಬದಲಿಸಿದರು. 2018ರಲ್ಲಿ ಡ್ರೈವರ್ ತಾನೇ ಒತ್ತಿ ಮಸಿ ಸುಡಿಸಲು ಒಂದು ಸ್ವಿಚ್ ಕೂಡ ಬಂತು. ನೋಡಿ, ಇದು ನನಗೆ ತುಂಬಾ ಕುತೂಹಲದ ಘಟ್ಟ. ಪ್ರತಿ ರಿಪೇರಿಯಾದಾಗಲೂ ಮಾಲೀಕ ಮನೆಗೆ ಹೋಗುವುದು "ಇನ್ನು ಸರಿಯಾಯಿತು" ಅನ್ನುವ ನಂಬಿಕೆಯಲ್ಲಿ. ಸರ್ವೀಸ್ ಸೆಂಟರಿನ ಕಂಪ್ಯೂಟರಿನಲ್ಲಿ ಆ ಜಾಬ್ ಕಾರ್ಡ್ ಮುಚ್ಚಿರುತ್ತದೆ. ಮತ್ತೆ ಬಂದರೆ ಅದು ಹೊಸ ಜಾಬ್ ಕಾರ್ಡ್. ಒಬ್ಬನ ಒಂದೇ ರೋಗ ಹಲವು ಬಿಡಿ ಬಿಡಿ ಕೇಸುಗಳಾಗಿ, ಪ್ರತಿಯೊಂದೂ "ಪರಿಹಾರವಾಗಿದೆ" ಅಂತ ಕಾಣುತ್ತದೆ. ಪಟ್ಟಿ ನೋಡಿದವರಿಗೆ ಎಲ್ಲ ಚೆನ್ನಾಗಿದೆ ಅನ್ನಿಸಿದರೆ ಆಶ್ಚರ್ಯವಿಲ್ಲ.

2022ರ ಏಪ್ರಿಲ್‌ನಲ್ಲಿ ಅಲ್ಲಿನ ಫೆಡರಲ್ ಕೋರ್ಟಿನ ನ್ಯಾಯಮೂರ್ತಿ ಮೈಕೆಲ್ ಲೀ ತೀರ್ಪು ಕೊಟ್ಟರು. ಗಾಡಿಗಳು ದೋಷದ್ದೇ, ಮಾರುವಾಗಲೇ ಅವು ಒಪ್ಪುವಂಥ ಗುಣಮಟ್ಟದಲ್ಲಿರಲಿಲ್ಲ, ಕಂಪನಿ ಗ್ರಾಹಕರ ದಾರಿಯನ್ನೂ ತಪ್ಪಿಸಿತು ಎಂದರು. ದೋಷ ಗೊತ್ತಿದ್ದಿದ್ದರೆ ಯಾರಾದರೂ ಅಷ್ಟು ಹಣ ಕೊಡುತ್ತಿದ್ದರಾ ಅನ್ನುವ ಲೆಕ್ಕದಲ್ಲಿ ಗಾಡಿಯ ಬೆಲೆಯಲ್ಲಿ ಶೇಕಡಾ 17.5 ಕಡಿತ ಅಂತ ನಿಗದಿಯಾಯಿತು. 2023ರಲ್ಲಿ ಮೇಲ್ಮನವಿಯಲ್ಲಿ ಅದು ಶೇಕಡಾ 10ಕ್ಕೆ ಇಳಿಯಿತು. 2020ರಲ್ಲಿ ಬಂದ ರಿಪೇರಿಯಿಂದ ತೊಂದರೆ ಹೋಗುತ್ತದಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಕಾ ಬೇಡವಾ ಅನ್ನುವುದೇ ಜಗಳದ ತಿರುಳು. 2024ರ ನವೆಂಬರಿನಲ್ಲಿ ಹೈಕೋರ್ಟ್, ಅಲ್ಲಿ ಎಲ್ಲಕ್ಕಿಂತ ಮೇಲಿನ ಕೋರ್ಟಿನ ಹೆಸರೇ ಅದು, ಪರಿಹಾರದ ಲೆಕ್ಕ ಮತ್ತೆ ಹಾಕಿ ಅಂತ ವಾಪಸ್ ಕಳಿಸಿತು. ಹೊಸ ಕಾರಿನ ವಾಸನೆ ಹೋಗಿ ಎಷ್ಟೋ ವರ್ಷವಾದ ಮೇಲೂ ಲೆಕ್ಕ ನಡೆದೇ ಇತ್ತು.

ಈ ಕೇಸ್ ನನ್ನನ್ನು ಇನ್ನೊಂದು ಕಾರಣಕ್ಕೂ ಹಿಡಿದು ಕೂರಿಸಿತು. ಆ ಗಾಡಿಗಳಲ್ಲಿದ್ದದ್ದು ಟೊಯೋಟಾದ ಜಿಡಿ ಡೀಸೆಲ್ ಎಂಜಿನ್. ಆ ಬಳಗದ ಎಂಜಿನ್ ನಮ್ಮ ಜಿಗಣಿಯಲ್ಲೂ ತಯಾರಾಗುತ್ತದೆ. ಮೈಸೂರು ರಸ್ತೆಯ ಬಿಡದಿಯಲ್ಲಿ ಇನ್ನೋವಾ ಕ್ರಿಸ್ಟಾ, ಫಾರ್ಚೂನರ್ ಜೋಡಣೆಯಾಗುತ್ತವೆ. ತಟ್ಟೆ ಇಡ್ಲಿ ತಿನ್ನಲು ಇಳಿದಾಗ ಹೊಸ ಗಾಡಿ ಹೊತ್ತ ಟ್ರೈಲರ್ ಸಾಲು ನಿಂತಿರುವುದನ್ನು ನೋಡಿದ್ದೀರಿ ಅಲ್ವಾ? ಹಾಗಂತ ಆಸ್ಟ್ರೇಲಿಯಾದ ತೀರ್ಪನ್ನು ಬಿಡದಿಯ ಗಾಡಿಗೆ ಹಚ್ಚಬೇಡಿ. ಕೋರ್ಟ್ ನೋಡಿದ್ದು ಅಲ್ಲಿ ಮಾರಿದ, ಆ ವರ್ಷಗಳ ಗಾಡಿಗಳ ಹೊಗೆ ವ್ಯವಸ್ಥೆಯನ್ನು. ಆ ವರ್ಷಗಳಲ್ಲಿ ನಮ್ಮಲ್ಲಿ ಇನ್ನೂ ಬಿಎಸ್4 ನಡೆಯುತ್ತಿತ್ತು. ಗಟ್ಟಿ ಎಂಜಿನ್ ಅಂತ ಹೆಸರಿದ್ದರೂ ಅದಕ್ಕೆ ಕಟ್ಟಿದ ಫಿಲ್ಟರಿನ ಲೆಕ್ಕ ತಪ್ಪಬಹುದು ಅನ್ನುವುದಷ್ಟನ್ನೇ ನಾನು ಇದರಿಂದ ತೆಗೆದುಕೊಂಡದ್ದು. ಟ್ಯಾಕ್ಸಿ ಡ್ರೈವರ್‌ಗಳು ಇನ್ನೋವಾ ಹೊಗಳುವುದನ್ನು ನಿಲ್ಲಿಸಬೇಕಾಗಿಲ್ಲ.

ಲೈಟ್ ಮೂರನೇ ಸಲವೋ ನಾಲ್ಕನೇ ಸಲವೋ ಬಂದ ಮೇಲೆ ನಮ್ಮ ಏರಿಯಾದ ಗ್ಯಾರೇಜಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ಅಣ್ಣ ಬಾನೆಟ್ ಎತ್ತುವ ಮುಂಚೆಯೇ ಹೇಳಿದರು, "ಡಿಲೀಟ್ ಮಾಡಿಬಿಡೋಣ ಅಕ್ಕ, ಆಮೇಲೆ ಹತ್ತು ವರ್ಷ ತಲೆನೋವಿಲ್ಲ." ಡಿಲೀಟ್ ಅಂದರೆ ಫಿಲ್ಟರಿನ ಹೊಟ್ಟೆ ಬಗೆದು ಖಾಲಿ ಡಬ್ಬ ಮಾಡಿ, ಕಂಪ್ಯೂಟರಿಗೆ ಫಿಲ್ಟರ್ ಇದೆ ಅಂತ ಸುಳ್ಳು ಹೇಳಿಸುವುದು. ಇದು ಕಾನೂನಿಗೆ ವಿರುದ್ಧ, ವಾರಂಟಿಯೂ ಹೋಗುತ್ತದೆ. ಆದರೂ ಮಾಡಿಸುವವರು ಬೇಕಾದಷ್ಟು ಜನ. ಹೊಗೆ ತಪಾಸಣೆಯ ಪಿಯುಸಿ ಕೇಂದ್ರದಲ್ಲಿ ಡೀಸೆಲ್ ಗಾಡಿಗೆ ಹೊಗೆ ಎಷ್ಟು ದಟ್ಟವಾಗಿದೆ ಅಂತ ಮಾತ್ರ ಅಳೆಯುತ್ತಾರೆ. ಕಣ್ಣಿಗೆ ಕಾಣದ ಸಣ್ಣ ಕಣ ಆ ಅಳತೆಗೆ ಸಿಗುವುದು ಕಷ್ಟ. ಬೇಡ ಅಂದೆ. ಅಣ್ಣ ಬೇಜಾರು ಮಾಡಿಕೊಳ್ಳಲಿಲ್ಲ, ಬದಲಿಗೆ ಸರ್ವೀಸ್ ಸೆಂಟರಿನಲ್ಲಿ ಯಾರೂ ಹೇಳದ ಒಂದು ಮಾತು ಹೇಳಿದರು: "ಆಯಿಲ್ ಬಿಲ್ ನೋಡಿಕೊಳ್ಳಿ ಅಕ್ಕ, ಬೂದಿ ಕಡಿಮೆ ಇರೋ ಆಯಿಲ್ಲೇ ಹಾಕಿರಬೇಕು."

ಅದು ಸರಿಯಾದ ಮಾತು. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಎಂಜಿನ್ ಆಯಿಲ್‌ನಲ್ಲಿರುವ ಲೋಹದ ಅಂಶ ಉರಿದು ಬೂದಿಯಾಗಿ ಫಿಲ್ಟರಿನಲ್ಲಿ ಕೂರುತ್ತದೆ. ಎಷ್ಟು ಹೈವೇ ಓಡಿಸಿದರೂ ಅದು ಹೋಗುವುದಿಲ್ಲ. ಹಾಗಾಗಿ ಡಿಪಿಎಫ್ ಇರುವ ಗಾಡಿಗಳಿಗೆ ಬೇರೆ ದರ್ಜೆಯ ಆಯಿಲ್ ಬೇಕು, ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ. ಹಳೇ ದರ್ಜೆಯದ್ದನ್ನು ಸುರಿದರೆ ಫಿಲ್ಟರ್ ಆಯುಷ್ಯ ಬೇಗ ಮುಗಿಯುತ್ತದೆ. ಬದಲಿಸುವ ಖರ್ಚು ಕೇಳಿದರೆ ಹೊಸದಾಗಿ ಲೈಟ್ ನಮ್ಮ ಕಣ್ಣೊಳಗೇ ಬರುತ್ತದೆ.

ಇಷ್ಟೊತ್ತೂ ಮಸಿಯ ಕತೆ. ಪದೇ ಪದೇ ಬರುವ ದೂರನ್ನು "ನೀವು ಓಡಿಸುವ ರೀತಿ", "ನೀವು ಆಯಿಲ್ ಬದಲಿಸಲಿಲ್ಲ" ಅಂತ ಮಾಲೀಕರ ತಲೆಗೆ ಕಟ್ಟಿದರೆ ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನುವುದಕ್ಕೆ ಅಮೆರಿಕದಲ್ಲಿ ಇನ್ನೂ ದೊಡ್ಡ ಉದಾಹರಣೆ ಇದೆ.

ಹ್ಯುಂಡೈ ಮತ್ತು ಕಿಯಾ ಕಂಪನಿಗಳ ಥೀಟಾ 2 ಅನ್ನುವ ಪೆಟ್ರೋಲ್ ಎಂಜಿನ್. ಅಲ್ಲಿಯ ಸಾಂಟಾ ಫೆ, ಸೊರೆಂಟೊ, ಸ್ಪೋರ್ಟೇಜ್‌ನಂಥ ಸಂಸಾರದ ಎಸ್‌ಯುವಿಗಳಲ್ಲಿ, ಸೊನಾಟಾ, ಆಪ್ಟಿಮಾ ಸೆಡಾನ್‌ಗಳಲ್ಲಿ ಇದ್ದದ್ದು. ಕ್ರ್ಯಾಂಕ್‌ಶಾಫ್ಟ್ ಕೊರೆದಾಗ ಉಳಿದ ಲೋಹದ ಚೂರುಗಳು ಆಯಿಲ್ ದಾರಿಯಲ್ಲೇ ಉಳಿದುಬಿಟ್ಟಿದ್ದವು. ಅವು ಆಯಿಲ್ ಹರಿಯಲು ಬಿಡುತ್ತಿರಲಿಲ್ಲ, ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆಯುತ್ತಿತ್ತು. ಮೊದಲು ಟಕ್ ಟಕ್ ಸದ್ದು. ಆಮೇಲೆ ಓಡುತ್ತಿರುವಾಗಲೇ ಎಂಜಿನ್ ನಿಂತುಹೋಗುವುದು. ಕೆಲವು ಸಲ ರಾಡ್ ಮುರಿದು ಎಂಜಿನ್ ಬ್ಲಾಕನ್ನೇ ತೂತು ಮಾಡಿ, ಆಯಿಲ್ ಚೆಲ್ಲಿ, ಬೆಂಕಿ.

2015ರ ಸೆಪ್ಟೆಂಬರಿನಲ್ಲಿ ಮೊದಲ ರೀಕಾಲ್ ಆದಾಗ ಅದು ಸುಮಾರು 4 ಲಕ್ಷ 70 ಸಾವಿರ ಸೊನಾಟಾ ಸೆಡಾನ್‌ಗಳಿಗಷ್ಟೇ. ಅದೇ ಎಂಜಿನ್ ಇರುವ ಎಸ್‌ಯುವಿಗಳ ಹೆಸರಿರಲಿಲ್ಲ. ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ಎಸ್‌ಯುವಿ ಮಾಲೀಕರು "ನಮ್ಮದು ಲಿಸ್ಟಿನಲ್ಲಿಲ್ಲ, ದೇವರು ದೊಡ್ಡವನು" ಅಂದುಕೊಂಡಿರಬೇಕು. 2017ರ ಮಾರ್ಚಿನಲ್ಲಿ ಇನ್ನೂ ಸುಮಾರು 12 ಲಕ್ಷ ಗಾಡಿಗಳು ಪಟ್ಟಿಗೆ ಸೇರಿದವು, ಸಾಂಟಾ ಫೆ ಸ್ಪೋರ್ಟ್, ಸೊರೆಂಟೊ, ಸ್ಪೋರ್ಟೇಜ್ ಸಮೇತ.

ನಡುವೆ ಏನಾಯಿತು? ಹ್ಯುಂಡೈನಲ್ಲೇ ವರ್ಷಗಟ್ಟಲೆ ದುಡಿದ ಕಿಮ್ ಗ್ವಾಂಗ್-ಹೊ ಅನ್ನುವ ಎಂಜಿನಿಯರ್ 2016ರಲ್ಲಿ ಕೊರಿಯಾದಿಂದ ಅಮೆರಿಕಕ್ಕೆ ಹೋಗಿ, ಒಳಗಿನ ಕಾಗದಗಳನ್ನು ಅಲ್ಲಿನ ರಸ್ತೆ ಸುರಕ್ಷತೆಯ ಇಲಾಖೆಯ ಮುಂದಿಟ್ಟರು. ಕಂಪನಿ ಅವರನ್ನು ಕೆಲಸದಿಂದ ತೆಗೆಯಿತು. 2020ರ ನವೆಂಬರಿನಲ್ಲಿ ಎರಡೂ ಕಂಪನಿಗಳು ಸೇರಿ 21 ಕೋಟಿ ಡಾಲರ್ ದಂಡದ ಒಪ್ಪಂದಕ್ಕೆ ಬಂದವು. ಅದರಲ್ಲಿ ಒಂದು ಪಾಲು ಸುರಕ್ಷತೆಯ ಕೆಲಸಕ್ಕೆ ಖರ್ಚು ಮಾಡಬೇಕಾದ ಹಣ, ಇನ್ನೊಂದು ಪಾಲು ಮಾತು ತಪ್ಪಿದರೆ ಕಟ್ಟಬೇಕಾದದ್ದು. ಮರುವರ್ಷ ಆ ಇಲಾಖೆ ಕಿಮ್ ಅವರಿಗೆ 2 ಕೋಟಿ 40 ಲಕ್ಷ ಡಾಲರಿಗಿಂತ ಜಾಸ್ತಿ ಬಹುಮಾನ ಕೊಟ್ಟಿತು. ಒಳಗಿನ ವಿಷಯ ಹೊರಗೆ ತಂದವರಿಗೆ ಆ ಇಲಾಖೆ ಕೊಟ್ಟ ಮೊದಲ ಬಹುಮಾನ ಅದು. ಮಾಲೀಕರು ಹೂಡಿದ ಕೇಸಿನ ಕಡೆಯಿಂದ ಎಂಜಿನ್ನಿನ ಕೆಳಭಾಗಕ್ಕೆ ಗಾಡಿ ಇರುವ ತನಕದ ವಾರಂಟಿ ಸಿಕ್ಕಿತು. ಬೇರಿಂಗ್ ಸದ್ದನ್ನು ಮೊದಲೇ ಹಿಡಿದು ಎಂಜಿನ್ ಶಕ್ತಿ ಇಳಿಸುವ ಸಾಫ್ಟ್‌ವೇರ್ ಕೂಡ ಹಾಕಿದರು.

ನಾನು ಈ ಕತೆಯಲ್ಲಿ ಮತ್ತೆ ಮತ್ತೆ ನಿಲ್ಲುವುದು ಕಿಮ್ ಹತ್ತಿರ ಅಲ್ಲ. 2015 ಮತ್ತು 2017ರ ನಡುವೆ ಟಕ್ ಟಕ್ ಸದ್ದು ಕೇಳಿಸಿಕೊಂಡು ಸರ್ವೀಸ್ ಸೆಂಟರಿಗೆ ಹೋಗಿ, "ಆಯಿಲ್ ಬದಲಿಸಿದ ರಸೀದಿ ತೋರಿಸಿ" ಅನ್ನಿಸಿಕೊಂಡವರ ಹತ್ತಿರ. ಅಮೆರಿಕದಲ್ಲಿ ಎಷ್ಟೋ ಜನ ಮನೆಯಂಗಳದಲ್ಲೇ ತಾವೇ ಆಯಿಲ್ ಬದಲಿಸುತ್ತಾರೆ. ರಸೀದಿ ಎಲ್ಲಿಂದ ತರುವುದು? ತಮ್ಮ ಗಾಡಿಯೊಂದೇ ಹೀಗೆ, ತಾವೇ ಏನೋ ಮಾಡಿರಬೇಕು ಅಂತ ಎಂಜಿನ್ನಿಗೆ ಕೈಯಿಂದ ದುಡ್ಡು ಸುರಿದವರಿದ್ದಾರೆ. ಎಲ್ಲರ ದೂರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗಲೇ ಅದು ಲೋಹದ ಚೂರು ಅಂತ ಕಾಣುವುದು. ಒಂಟಿಯಾಗಿ ನೋಡಿದರೆ ಪ್ರತಿಯೊಬ್ಬನೂ ಸೋಮಾರಿ ಮಾಲೀಕ.

ನಮ್ಮಲ್ಲಿ ಹೀಗೆ ಪಕ್ಕಪಕ್ಕ ಇಟ್ಟು ನೋಡುವ ವ್ಯವಸ್ಥೆ ಇದೆಯಾ ಅಂತ ಹುಡುಕಿದೆ. ಕಾಗದದ ಮೇಲೆ ಇದೆ. 2012ರಿಂದ ಕಂಪನಿಗಳು ತಾವಾಗಿ ಗಾಡಿ ವಾಪಸ್ ಕರೆಯುವ ಪದ್ಧತಿ ಇತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು 110ಎ ಅನ್ನುವ ಕಲಂ ಸೇರಿಸಿದರು, 2021ರ ಏಪ್ರಿಲ್‌ನಿಂದ ನಿಯಮ ಜಾರಿಯಾಯಿತು. ಇಂತಿಷ್ಟು ಮಾಲೀಕರು ದೂರು ಕೊಟ್ಟರೆ ಸರ್ಕಾರ ತನಿಖೆ ಮಾಡಿಸಿ, ಕಂಪನಿಗೆ ಗಾಡಿ ವಾಪಸ್ ಕರೆಯಿರಿ ಅಂತ ಆದೇಶ ಕೊಡಬಹುದು. ರಿಪೇರಿ, ಬದಲಿ ಗಾಡಿ, ಹಣ ವಾಪಸ್ ಎಲ್ಲ ಆ ಕಲಮಿನಲ್ಲಿದೆ. ದೂರು ಕೊಡಲು ಪರಿವಾಹನ್ ಜಾಲತಾಣದಲ್ಲಿ ಜಾಗವೂ ಇದೆ. ಆದರೆ ನಮ್ಮ ಬೇಸ್‌ಮೆಂಟಿನಲ್ಲಿ ಕೇಳಿ ನೋಡಿದೆ, ಇಂಥದ್ದೊಂದು ಇದೆ ಅಂತಲೇ ಯಾರಿಗೂ ಗೊತ್ತಿಲ್ಲ. ಕಾರು ಕೊಟ್ಟ ದಿನ ಹಾರ ಹಾಕಿ, ಕೇಕ್ ಕತ್ತರಿಸಿ, ಫೋಟೋ ತೆಗೆಯುವವರು ಈ ಒಂದು ಸಾಲನ್ನು ಹೇಳಿದರೆ ಅವರ ಗಂಟೇನು ಹೋಗುತ್ತದೆ?

ಆ ಕಲಮಿನಲ್ಲಿ ಇನ್ನೊಂದು ಮಾತಿದೆ. ದೋಷದಿಂದ ಹಾನಿ ಗಾಡಿಯಲ್ಲಿ ಕೂತವರಿಗೇ ಆಗಬೇಕೆಂದಿಲ್ಲ, ಪರಿಸರಕ್ಕೆ ಆದರೂ ಸಾಕು. ಬ್ರೇಕ್ ಕೆಟ್ಟರೆ ಸುರಕ್ಷತೆ, ಡಿಪಿಎಫ್ ಕಟ್ಟಿದರೆ ಬರೀ ಕಿರಿಕಿರಿ ಅಂತ ತಳ್ಳಿಹಾಕಲು ಆಗಬಾರದು. ಹೊಗೆ ತಡೆಯಲೆಂದೇ ಕೂರಿಸಿದ ಭಾಗ ಪದೇ ಪದೇ ಸೋತು, ಬೇಸತ್ತ ಜನ ಅದನ್ನು ಬಗೆದು ಎಸೆಯುತ್ತಿದ್ದಾರೆ ಅಂದರೆ ಅದು ಪರಿಸರದ ವಿಷಯವೇ. ಇದು ನನ್ನ ವಾದ, ವಕೀಲರು ನಗಬಹುದು.

ಹತ್ತಿರದ ದಾರಿ ಗ್ರಾಹಕರ ಆಯೋಗ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು, ನಮ್ಮಂಥವರ ಎಸ್‌ಯುವಿ ಅದರೊಳಗೇ ಬರುತ್ತದೆ. ಒಂದೇ ತೊಂದರೆಯ ಹಲವು ಗ್ರಾಹಕರ ಪರವಾಗಿ, ಆಯೋಗದ ಒಪ್ಪಿಗೆ ಪಡೆದು, ಒಬ್ಬರೇ ದೂರು ಕೊಡಲೂ 2019ರ ಕಾಯ್ದೆಯಲ್ಲಿ ಅವಕಾಶವಿದೆ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ಇಲ್ಲಿ ಜಾಬ್ ಕಾರ್ಡ್ ಕೆಲಸಕ್ಕೆ ಬರುತ್ತದೆ. "ಲೈಟ್ ಬಂದಿದೆ" ಅಂತ ಬಾಯಲ್ಲಿ ಹೇಳಿ ಬರಬೇಡಿ. ಅದೇ ತೊಂದರೆ ಮತ್ತೆ ಬಂದಿದೆ ಅಂತ ಜಾಬ್ ಕಾರ್ಡಿನಲ್ಲಿ ಅವರ ಕೈಯಲ್ಲೇ ಬರೆಸಿ, ಕಿಲೋಮೀಟರ್ ಹಾಕಿಸಿ, ಪ್ರತಿ ಇಟ್ಟುಕೊಳ್ಳಿ. ಆಯಿಲ್ ಮಟ್ಟದ ಫೋಟೋ ತೆಗೆದಿಡಿ. ನಾನು ಹೀಗೆ ಬರೆಸಲು ಶುರು ಮಾಡಿದ ಮೇಲೆ ಅಡ್ವೈಸರ್ ಮಾತಿನ ಧಾಟಿಯೇ ಬದಲಾಯಿತು. ಹೈವೇ ಉಪದೇಶ ನಿಂತು, "ಮ್ಯಾನೇಜರ್ ಹತ್ರ ಮಾತಾಡಿ ಮೇಡಂ" ಬಂತು. ಕೊನೆಗೆ ಅವರು ಬದಲಿಸಿದ್ದು ಫಿಲ್ಟರಿನ ಹಿಂದುಮುಂದಿನ ಒತ್ತಡ ಅಳೆಯುವ ಒಂದು ಸಣ್ಣ ಸೆನ್ಸರ್ ಮತ್ತು ತೆಳ್ಳಗಾದ ಆಯಿಲ್. ಲೈಟ್ ಈಗ ಅಪರೂಪಕ್ಕೆ ಬರುತ್ತದೆ. ಪೂರ್ತಿ ಹೋಗಿದೆ ಅಂತ ಹೇಳಲಾರೆ.

ಮೊನ್ನೆ ಮೇಲಿನ ಮಹಡಿಯ ಆಂಟಿ ಕೇಳಿದರು, "ದೊಡ್ಡ ಗಾಡಿ ತಗೋಬೇಕು ಅಂತ ಇದ್ದೀವಮ್ಮ, ಡೀಸೆಲ್ಲಾ ಪೆಟ್ರೋಲಾ?" ದಿನಕ್ಕೆ ಎಷ್ಟು ಓಡುತ್ತೀರಿ ಅಂದೆ. ಅಂಕಲ್ ರಿಟೈರ್ಡ್. ಬೆಳಗ್ಗೆ ದೇವಸ್ಥಾನ, ಸಂಜೆ ಮೊಮ್ಮಗಳ ಭರತನಾಟ್ಯ ಕ್ಲಾಸು, ವರ್ಷಕ್ಕೆ ಒಮ್ಮೆ ಧರ್ಮಸ್ಥಳ. ಡೀಸೆಲ್ ಬೇಡವೇ ಬೇಡ ಅಂದೆ. ಶೋರೂಮಿನ ಹುಡುಗ ಮೈಲೇಜ್ ಲೆಕ್ಕ ತೋರಿಸಿ ಡೀಸೆಲ್ ಕಡೆಗೇ ಎಳೆಯುತ್ತಿದ್ದನಂತೆ, ದಿನಕ್ಕೆ ಎಷ್ಟು ಓಡುತ್ತೀರಿ ಅಂತ ಒಂದು ಮಾತೂ ಕೇಳಿರಲಿಲ್ಲ. ಪೆಟ್ರೋಲ್ ಬುಕ್ ಮಾಡಿ ಬಂದರು. ಸನ್‌ರೂಫ್ ಬೇಡ ಅಂದದ್ದನ್ನು ಮಾತ್ರ ಕೇಳಲಿಲ್ಲ, ಮೊಮ್ಮಗಳಿಗೆ ಬೇಕಂತೆ.